ಬ್ಯಾಟರಾಯಪ್ಪನವರ ಮಕ್ಕಳ ತುಕ್ಕು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆ ಸಂಗಮೇಶನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಸೋಮವಾರ ಕಾಲೇಜಿನ ಕ್ಯಾಂಟೀನಿನಲ್ಲಿ ಬೈಟು ಕಾಫಿ ಕುಡಿಯುತ್ತ, ಆಫೀಸಿನ ಸುಬ್ರಮಣಿಯ ಎದುರು ಅವನು ತುಕ್ಕಿನ ಮಾತೆತ್ತಿಬಿಟ್ಟ. ಎತ್ತದೆ ಇದ್ದಿದ್ದರೆ ಅವನು ಜೂನಿನವರೆಗಾದರೂ ನೆಮ್ಮದಿಯಾಗಿ ಟೆಂಪರರಿ ಮೇಷ್ಟ್ರಾಗಿಯೇ ಇರುತ್ತಿದ್ದ.

ಸುಬ್ರಮಣಿ ಕೇಳಿದ್ದು ಸಾಧಾರಣ ಪ್ರಶ್ನೆ. ಕೆಮಿಸ್ಟ್ರಿ ಲ್ಯಾಬಿನ ಬಾಗಿಲು ಹಾಕಿಕೊಂಡು ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ಪಟ್ಟಿಗಳಿಗೆ ಅದೇನೋ ಬಳಿಯುತ್ತಿದ್ದೀರಲ್ಲ, ಏನದು ಎಂದು. ಇದಕ್ಕೆ ಸರಿಯಾದ ಉತ್ತರ ಒಂದಿತ್ತು. ದೇಹದ ಆಕ್ಸಿಡೇಟಿವ್ ಸ್ಟ್ರೆಸ್ಸಿನ ಗುರುತುಗಳನ್ನು ಪತ್ತೆಹಚ್ಚುವ, ನ್ಯಾನೋ ಕಣಗಳ ಲೇಪನವಿರುವ ಎಲೆಕ್ಟ್ರೋಕೆಮಿಕಲ್ ಬಯೋಸೆನ್ಸರ್ ಎಂದು ಹೇಳಿದ್ದರೆ ಸುಬ್ರಮಣಿ ಕಾಫಿ ಮುಗಿಸಿ ಎದ್ದು ಹೋಗುತ್ತಿದ್ದ. ಆದರೆ ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು. ಹೆಂಡತಿ ದಾಕ್ಷಾಯಣಿ ಕೂಡ ಕೇಳಿರಲಿಲ್ಲ. ಸಂಗಮೇಶ ಬೆಣ್ಣೆಯಂತೆ ಕರಗಿಹೋದ.

ಗೇಟಿನ ಕಬ್ಬಿಣ ಗಾಳಿಗೆ ತುಕ್ಕು ಹಿಡಿಯುತ್ತದಲ್ಲ, ಮನುಷ್ಯನ ಮೈಯೊಳಗೂ ಹಾಗೆಯೇ ಒಂದು ತುಕ್ಕು ಹಿಡಿಯುತ್ತದೆ ಎಂದು ಅವನು ವಿವರಿಸಿದ. ನಾವು ಉಸಿರಾಡುವ ಗಾಳಿಯೇ ಒಳಗಿನ ಕೊಬ್ಬನ್ನು ನಿಧಾನವಾಗಿ ಕೆಡಿಸುತ್ತದೆ, ಕೆಟ್ಟದ್ದರ ಚೂರು ಎಂಜಲಿನಲ್ಲಿ ಬರುತ್ತದೆ. ಎಂಜಲಿನ ಒಂದು ತೊಟ್ಟನ್ನು ಈ ಪಟ್ಟಿಯ ಮೇಲೆ ಬಿಟ್ಟು, ಪಟ್ಟಿಯನ್ನು ಶುಗರ್ ನೋಡುವ ಮೀಟರಿನಂಥ ಈ ಡಬ್ಬಿಗೆ ಸಿಕ್ಕಿಸಿದರೆ ಒಂದು ನಂಬರು ಬರುತ್ತದೆ. ಹೆಚ್ಚು ಬಂದರೆ ತುಕ್ಕು ಹೆಚ್ಚು, ಕಡಿಮೆ ಬಂದರೆ ಕಡಿಮೆ. ಪಟ್ಟಿಗೆ ಬಳಿದಿರುವುದು ಚಿನ್ನದ ಅತಿಸಣ್ಣ ಕಣಗಳು ಎಂದೂ ಹೇಳಿದ. ಚಿನ್ನ ಎಷ್ಟು ಗ್ರಾಂ ಎಂದು ಸುಬ್ರಮಣಿ ಕೇಳಿದ. ನಾಲ್ಕು ವರ್ಷದ ಪಟ್ಟಿಗಳನ್ನೆಲ್ಲ ಕರಗಿಸಿದರೂ ಮೂಗುಬೊಟ್ಟಿನ ತಿರುಪಿಗೆ ಸಾಲುವುದಿಲ್ಲ ಎಂದು ತಿಳಿದ ಮೇಲೆ ಅವನಿಗೆ ಆ ವಿಷಯದಲ್ಲಿ ಆಸಕ್ತಿ ಉಳಿಯಲಿಲ್ಲ.

"ಅಂದ್ರೆ ಮನುಷ್ಯ ಇನ್ನೆಷ್ಟು ವರ್ಷ ಬಾಳಿಕೆ ಬರ್ತಾನೆ ಅಂತ ಈ ಡಬ್ಬಿ ಹೇಳುತ್ತೆ ಅನ್ನಿ," ಎಂದ.

ಹಾಗಲ್ಲ ಎಂದು ಸಂಗಮೇಶ ಹೇಳುವಷ್ಟರಲ್ಲಿ ಕಾಫಿ ಮುಗಿದಿತ್ತು. ಸುಬ್ರಮಣಿ ಎದ್ದು ಹೋದ. ಸಂಜೆಯೊಳಗೆ ಸುದ್ದಿ ಕಾಲೇಜಿನ ಇಬ್ಬರು ಅಧ್ಯಕ್ಷರಿಗೂ ತಲುಪಿತು.

ಒಂದು ಕಾಲೇಜಿಗೆ ಇಬ್ಬರು ಅಧ್ಯಕ್ಷರು ಯಾಕೆ ಎಂದು ಕೇಳಬೇಡಿ. ಸೋಲದೇವನಹಳ್ಳಿಯ ಆ ಇಂಜಿನಿಯರಿಂಗ್ ಕಾಲೇಜನ್ನು ಕಟ್ಟಿದವರು ಬ್ಯಾಟರಾಯಪ್ಪನವರು. ತಮ್ಮ ರಾಗಿ ಹೊಲದಲ್ಲೇ ಕಟ್ಟಿಸಿದರು. ಅವರಿಗೆ ಇಬ್ಬರು ಹೆಂಡಿರು. ಹಿರಿಯಳಿಗೆ ಮಗಳು ಲಕ್ಷ್ಮಿದೇವಮ್ಮ, ಮಗ ಮುನಿಶಾಮಪ್ಪ. ಕಿರಿಯಳಿಗೆ ಮಗ ಕೃಷ್ಣಯ್ಯ. ಅಪ್ಪ ತೊಂಬತ್ತು ದಾಟಿ ತೀರಿಕೊಂಡ ತಿಂಗಳಿಗೇ ಅಣ್ಣತಮ್ಮಂದಿರ ಮಾತು ನಿಂತಿತು. ಕೃಷ್ಣಯ್ಯ ನಮ್ಮಪ್ಪನ ಮಗನೇ ಅಲ್ಲ, ಅವನಮ್ಮ ನಮ್ಮ ಮನೆಗೆ ಬರುವಾಗಲೇ ಅವನನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು ಎಂದು ಮುನಿಶಾಮಪ್ಪನವರು ಕೋರ್ಟಿಗೆ ಹೋದರು. ನಾನು ಬ್ಯಾಟರಾಯಪ್ಪನವರ ಸ್ವಂತ ಮಗ ಎಂದು ಕೃಷ್ಣಯ್ಯನವರೂ ಹೋದರು. ತೀರ್ಪು ಬರುವವರೆಗೆ ಇಬ್ಬರೂ ಸಮಸಮ, ಜಮೀನನ್ನು ಯಾರೂ ಮಾರಕೂಡದು ಎಂದು ಕೋರ್ಟು ಹೇಳಿತು.

ಅಂದಿನಿಂದ ಆ ಕಾಲೇಜಿನಲ್ಲಿ ಎಲ್ಲವೂ ಸಮಸಮ. ಯಾವ ಕಾಗದಕ್ಕಾದರೂ ಎರಡು ಸಹಿ ಬೇಕು. ಸಮಾರಂಭಕ್ಕೆ ಒಂದೇ ಅಂಗಡಿಯ ಎರಡು ಕುರ್ಚಿ, ಒಂದೇ ಎತ್ತರದ ಎರಡು ದೀಪ. ಆಮಂತ್ರಣ ಪತ್ರಿಕೆಯಲ್ಲಿ ಅರ್ಧಕ್ಕೆ ಅಣ್ಣನ ಹೆಸರು ಮೇಲೆ, ಉಳಿದರ್ಧಕ್ಕೆ ತಮ್ಮನ ಹೆಸರು ಮೇಲೆ. ಯಲಹಂಕದ ಹೂವಿನ ಅಂಗಡಿಯಲ್ಲಿ ಸುಬ್ರಮಣಿ ಟೇಪು ಹಿಡಿದು ಹಾರ ಅಳೆದು ತರುತ್ತಾನೆ. ಒಂದು ಸಲ ಒಂದು ಹಾರಕ್ಕೆ ಗುಲಾಬಿ ಹೆಚ್ಚಾಗಿತ್ತೆಂದು ಹೊಸ ಬಸ್ಸಿನ ಕಡತ ವರ್ಷವಿಡೀ ಮಲಗಿತ್ತು. ಹೊಸದಾಗಿ ಸೇರಿದ ಮೇಷ್ಟ್ರಿಗೆ ಮೊದಲು ಇದನ್ನು ಹೇಳಿಕೊಟ್ಟು, ಆಮೇಲೆ ಕ್ಲಾಸ್ ರೂಮು ಎಲ್ಲಿದೆ ಎಂದು ತೋರಿಸುತ್ತಿದ್ದರು. ಸುಬ್ರಮಣಿಯಂತೂ ಒಬ್ಬರಿಗೆ ಹೇಳಿದ ಮಾತನ್ನು ಅದೇ ದಿನ, ಅದೇ ಶಬ್ದಗಳಲ್ಲಿ, ಇನ್ನೊಬ್ಬರಿಗೂ ಹೇಳಿಯೇ ಊಟ ಮಾಡುವವನು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಅಣ್ಣತಮ್ಮಂದಿರ ಜಗಳದಲ್ಲಿ ಬಡವಾದ ಕೂಸು ಸಂಗಮೇಶ. ರೋಣದ ಕಡೆಯಿಂದ ಬಂದು ಕೆಮಿಸ್ಟ್ರಿ ಪಾಠ ಮಾಡಿಕೊಂಡಿದ್ದ ಅವನ ಪರ್ಮನೆಂಟ್ ಆರ್ಡರು ಸುಬ್ರಮಣಿಯ ಡ್ರಾಯರಿನಲ್ಲಿ ಒಂದೇ ಸಹಿ ಹೊತ್ತು ಬಿದ್ದಿತ್ತು. ಅವನು ಬಾಡಿಗೆಗಿದ್ದದ್ದು ಕೆಂಪಾಪುರದಲ್ಲಿ, ಮುನಿಶಾಮಪ್ಪನವರ ಕಟ್ಟಡದಲ್ಲಿ. ನಮ್ಮ ಮನೆಯ ಹುಡುಗ ಎಂದು ಅವರು ಸಹಿ ಹಾಕಿದರು. ಅಣ್ಣನ ಮನೆಯ ಹುಡುಗ ಎಂದೇ ಕೃಷ್ಣಯ್ಯನವರು ಹಾಕಲಿಲ್ಲ. ಈ ಜೂನಿನಿಂದ ಟೆಂಪರರಿ ಮೇಷ್ಟ್ರುಗಳನ್ನು ಮತ್ತೆ ತೆಗೆದುಕೊಳ್ಳುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿಯಾಗಿತ್ತು. ಆರ್ಡರು ಆಗದಿದ್ದರೆ ರೋಣದಲ್ಲಿ ದಾಕ್ಷಾಯಣಿಯ ಅಣ್ಣನ ಗೊಬ್ಬರದ ಅಂಗಡಿ ಕಾದಿತ್ತು. ಆ ಪುಣ್ಯಾತ್ಮ ಗಲ್ಲೆಯ ಪಕ್ಕ ಒಂದು ಕುರ್ಚಿಯನ್ನೂ ತೆಗೆದಿರಿಸಿದ್ದ.

ಶುಕ್ರವಾರ ಕಾಲೇಜಿನಲ್ಲಿ ಸಂಸ್ಥಾಪಕರ ದಿನ. ಸಮಾರಂಭದಲ್ಲಿ ಇಬ್ಬರು ಅಧ್ಯಕ್ಷರ ತುಕ್ಕನ್ನೂ ಎಲ್ಲರೆದುರು ಅಳೆಯತಕ್ಕದ್ದು ಎಂದು ಎರಡು ಸಹಿಯ ಆದೇಶ ಬಂತು. ಅಷ್ಟು ಬೇಗ ಎರಡು ಸಹಿ ಬಿದ್ದ ಕಾಗದ ಆ ಕಾಲೇಜಿನಲ್ಲಿ ಅದೊಂದೇ.

ಶುಕ್ರವಾರ ಬೆಳಿಗ್ಗೆ ಡಬ್ಬಿ, ಪಟ್ಟಿ ಎಲ್ಲ ಬ್ಯಾಗಿಗೆ ಹಾಕಿಕೊಂಡು ಹೊರಟವನನ್ನು ದಾಕ್ಷಾಯಣಿ ಬಾಗಿಲಲ್ಲಿ ನಿಲ್ಲಿಸಿದಳು. "ನೋಡ್ರೀ, ಇವತ್ತರ ಸುಮ್ನ ಅವರು ಹೇಳಿದ್ದಕ್ಕ ಹೂಂ ಅನ್ರಿ. ನಿಮ್ಮ ಶಾಣ್ಯಾತನ ನಾಳೆ ತೋರಸ್ರಿ," ಎಂದಳು. ಸಂಗಮೇಶ ಈಗಿನಿಂದಲೇ ಅಭ್ಯಾಸವಾಗಲೆಂದು ಹೂಂ ಅಂದ.

ಮೆಟ್ಟಿಲ ಮೇಲೆ ಇಡೀ ಕಟ್ಟಡವೇ ನಿಂತಿತ್ತು. ಎರಡನೇ ಮಹಡಿಯ ಸಬೀರಾ ತಮ್ಮ ಅತ್ತೆಯ ಎಂಜಲನ್ನು ಸ್ಟೀಲ್ ಲೋಟದಲ್ಲಿ ಮುಚ್ಚಿ ತಂದಿದ್ದರು. ಅತ್ತೆಗೆ ಎಷ್ಟು ಬಾಳಿಕೆ ಇದೆಯೋ ತಿಳಿದರೆ ಮಗಳ ಮದುವೆಯನ್ನು ಈ ವರ್ಷವೇ ಮಾಡುವುದೋ ಮುಂದಿನ ವರ್ಷವೋ ನೋಡಬಹುದಿತ್ತು ಎಂದರು. ಇದು ಆಯುಸ್ಸು ಹೇಳುವ ಯಂತ್ರವಲ್ಲ ಎಂದು ಸಂಗಮೇಶ ಅಂಗಲಾಚಿದ. ದೊಡ್ಡವರಿಗಾದರೆ ಹೇಳುತ್ತದೆ, ನಮ್ಮಂಥವರಿಗೆ ಹೇಳುವುದಿಲ್ಲ, ಅಲ್ಲವೇ ಎಂದು ಸಬೀರಾ ಲೋಟ ಎತ್ತಿಕೊಂಡು ಹೋದರು. ಇನ್ನು ನೀರಿನ ಮೋಟರು ಹಾಕುವಾಗ ಅವರು ತಮ್ಮ ಮನೆಗೆ ಕೂಗಿ ಹೇಳುವುದಿಲ್ಲ ಎಂದು ಅವನಿಗೆ ಅರ್ಥವಾಯಿತು.

ಕೆಳಗಿನ ಮನೆಯ ನಡುಮನೆಯಲ್ಲಿ ಮುನಿಶಾಮಪ್ಪನವರು ಮದುವೆ ಗಂಡಿನ ಹಾಗೆ ಬಿಳಿ ಪಂಚೆಯುಟ್ಟು ಕೂತಿದ್ದರು. ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೇ? ಎರಡು ದಿನದಿಂದ ಎಲೆ ಅಡಿಕೆ ಬಿಟ್ಟಿದ್ದರು. ನೆಲ್ಲಿಕಾಯಿ ತುಕ್ಕು ತೆಗೆಯುತ್ತದೆ ಎಂದು ಯಾರೋ ಹೇಳಿದ್ದರಿಂದ ಅಕ್ಕ ಲಕ್ಷ್ಮಿದೇವಮ್ಮ ಮುಂಜಾನೆಯಿಂದ ಲೋಟದ ಮೇಲೆ ಲೋಟ ನೆಲ್ಲಿಕಾಯಿ ರಸ ಕುಡಿಸುತ್ತಲೇ ಇದ್ದರು. ಇದನ್ನು ಕೇಳಿ ಸಂಗಮೇಶ ಬ್ಯಾಗಿನ ಪಟ್ಟಿಗಳನ್ನು ಮುಟ್ಟಿ ನೋಡಿಕೊಂಡ. ನೆಲ್ಲಿಕಾಯಿಯ ಹುಳಿ ದೇಹಕ್ಕೆ ಒಳ್ಳೆಯದೇ. ಆದರೆ ಪಟ್ಟಿಗೆ ಅದು ಗೊತ್ತಾಗುವುದಿಲ್ಲ. ಆ ಹುಳಿ ತಗುಲಿದರೆ ಪಟ್ಟಿ ಅದನ್ನೇ ತುಕ್ಕೆಂದು ತಿಳಿದು ನಂಬರನ್ನು ಮೇಲಕ್ಕೆ ಏರಿಸಿಬಿಡುತ್ತದೆ. ಎಲ್ಲಿಯವರೆಗೆ ಏರುತ್ತದೋ ನೋಡೋಣವೆಂದು ಅವರ ಎಂಜಲಿನ ಒಂದು ತೊಟ್ಟು ತೆಗೆದುಕೊಂಡು ಮರೆಯಲ್ಲಿ ಹಾಕಿ ನೋಡಿದ. ಒಳ್ಳೆಯ ಆರೋಗ್ಯದವರಿಗೆ ಐವತ್ತರ ಒಳಗೆ ಬರಬೇಕಾದ ನಂಬರು ಮುನ್ನೂರು ದಾಟಿ ನಿಂತಿತು. ಬ್ಯಾಟರಿ ಸರಿಯಿಲ್ಲ ಎಂದು ಹೇಳಿ ಡಬ್ಬಿ ಮುಚ್ಚಿದ.

ಮುನಿಶಾಮಪ್ಪನವರು ಅವನನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ನೋಡಪ್ಪ ಸಂಗಮೇಸ, ನಂಗೆ ಎಷ್ಟಾದ್ರೂ ಬರ್ಲಿ. ಅವ್ನಿಗಿಂತ ಒಂದು ಕಮ್ಮಿ ಬರ್ಬೇಕು, ಅಷ್ಟೆ. ನಮ್ಮಪ್ಪ ತೊಂಬತ್ತರಾಗೂ ಗುದ್ಲಿ ಇಡೀತಿದ್ದ. ಅವ್ನ ರಕ್ತಕ್ಕೆ ತುಕ್ಕು ಇಡಿಯಾಕಿಲ್ಲ. ಯಾರ ಮೈಯಾಗೆ ಆ ರಕ್ತ ಐತೆ, ಯಾರ ಮೈಯಾಗೆ ಇಲ್ಲ ಅಂತ ಇವತ್ತು ಊರಿಗೇ ಗೊತ್ತಾಗ್ಲಿ."

ಹೆಚ್ಚು ಬಂದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ. ಈ ತಿಂಗಳು ಮನೆ ಖಾಲಿ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಅಕ್ಕನನ್ನು ಕೇಳಿದರು, ಅಷ್ಟೆ. ಲಕ್ಷ್ಮಿದೇವಮ್ಮನಿಗೆ ಈ ಮಾತುಗಳೊಂದೂ ಹಿಡಿಸಿದಂತೆ ಕಾಣಲಿಲ್ಲ. ತಂಗಿಯಂದಿರಿಲ್ಲದ ಆಕೆ ಇಬ್ಬರು ತಮ್ಮಂದಿರನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಇಬ್ಬರ ಮನೆಗೂ ಒಬ್ಬರೇ ಹೋಗಿಬಂದು ಮಾಡುತ್ತ, ಗೌರಿ ಹಬ್ಬದಲ್ಲಿ ಎರಡು ಕಡೆ ಬಾಗಿನ ಪಡೆದು ಎರಡು ಕಡೆಯೂ ಅತ್ತು ಬರುವುದೇ ಅವರ ಪಾಲಿಗೆ ಬಂದಿತ್ತು.

ಅಷ್ಟರಲ್ಲಿ ಕೃಷ್ಣಯ್ಯನವರ ಫೋನು ಬಂತು. ಅಣ್ಣನ ಮನೆಗೆ ಹೋದ ಮೇಲೆ ತಮ್ಮನ ಮನೆಗೂ ಹೋಗದಿದ್ದರೆ ಆದೀತೇ? ಸಂಗಮೇಶ ಸ್ಕೂಟರ್ ಹತ್ತಿ ಹೆಬ್ಬಾಳದ ಫ್ಲೈಓವರಿನ ಕೆಳಗೆ ಅರ್ಧ ಆಯುಸ್ಸು ಕಳೆದು ಗಂಗಾನಗರ ತಲುಪಿದ.

ಕೃಷ್ಣಯ್ಯನವರು ಸೋಫಾದ ಮೇಲೆ ಒರಗಿದ್ದರು. ಟೆಸ್ಟು ಎಂದರೆ ಖಾಲಿ ಹೊಟ್ಟೆ ಎಂದು ನಿನ್ನೆ ಮಧ್ಯಾಹ್ನದಿಂದ ಊಟ ಬಿಟ್ಟಿದ್ದರು. ಬಾಯಿ ಶುದ್ಧವಾಗಿರಬೇಕೆಂದು ಮೆಡಿಕಲ್ ಶಾಪಿನಿಂದ ಅತಿ ಖಾರದ ಮೌತ್‌ವಾಶ್ ತರಿಸಿ, ಇಡೀ ಬಾಟಲಿಯನ್ನು ಮುಕ್ಕಳಿಸಿ ಉಗಿದಿದ್ದರು. ಬಾಯಿಯಲ್ಲಿ ಎಂಜಲು ಎನ್ನುವ ವಸ್ತುವೇ ಉಳಿದಿರಲಿಲ್ಲ. ಹುಣಸೆಹಣ್ಣಿನ ಚಟ್ನಿಯ ವರ್ಣನೆ ಮಾಡಿ ಹೇಗೋ ಒಂದು ತೊಟ್ಟು ಬರಿಸಿದ್ದಾಯಿತು. ಬಾತ್‌ರೂಮಿನ ಮರೆಯಲ್ಲಿ ಅಳೆದಾಗ ಆ ಮೌತ್‌ವಾಶಿನ ಪ್ರತಾಪಕ್ಕೆ ನಂಬರು ನಾನೂರು ದಾಟಿತು.

ಕೃಷ್ಣಯ್ಯನವರ ಮಾತು ನಯ. "ಮೇಷ್ಟ್ರೇ, ಅಣ್ಣನ ಮನೇಲಿದ್ದೀರ ಅಂತ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಇವತ್ತು ನಂದು ಒಂದು ಪಾಯಿಂಟ್ ಕಮ್ಮಿ ಬರ್ಲಿ, ನಿಮ್ಮ ಆರ್ಡರಿಗೆ ಸ್ಟೇಜ್ ಮೇಲೇ ಸೈನ್ ಹಾಕ್ತೀನಿ. ನಾನು ನಮ್ಮಪ್ಪನ ಮಗ ಅಂತ ಕೋರ್ಟಿಗೆ ಹೇಳಿ ಹೇಳಿ ನಂಗೂ ಸಾಕಾಗಿದೆ," ಎಂದರು. ಕೊನೆಯ ಮಾತು ಹೇಳುವಾಗ ಅವರ ದನಿ ಸ್ವಲ್ಪ ಬಿರಿಯಿತು. ಹಸಿವಿಗೋ ಬೇಸರಕ್ಕೋ ತಿಳಿಯಲಿಲ್ಲ.

ಕಾಲೇಜು ತಲುಪುವ ಹೊತ್ತಿಗೆ ಸಂಗಮೇಶನ ಮುಖ ಹಿಂಡಿದ ಬಟ್ಟೆಯಂತಾಗಿತ್ತು. ಅಣ್ಣನದು ಕಡಿಮೆ ಬಂದರೆ ಸಹಿ ಇಲ್ಲ. ತಮ್ಮನದು ಕಡಿಮೆ ಬಂದರೆ ಮನೆ ಇಲ್ಲ, ಹಾಕಿದ ಸಹಿಯನ್ನೂ ಮುನಿಶಾಮಪ್ಪನವರು ವಾಪಸು ತೆಗೆದುಕೊಂಡಾರು. ನಿಜವಾದ ನಂಬರು ತೋರಿಸಿದರೆ ಇಬ್ಬರೂ ಈಗಾಗಲೇ ಗುಜರಿಗೆ ಹೋಗಬೇಕಾದವರು ಎಂದಾಗುತ್ತದೆ. ಅತ್ತ ದರಿ, ಇತ್ತ ಪುಲಿ, ನಡುವೆ ನೆಲ್ಲಿಕಾಯಿ ರಸ.

ವಿಭಾಗದ ಮುಖ್ಯಸ್ಥ ಅನಂತರಾಜು ಅವರ ಬಳಿ ಹೋಗಿ ಎಲ್ಲ ಹೇಳಿಕೊಂಡ. ಅನಂತರಾಜು ಕನ್ನಡಕ ಒರೆಸಿಕೊಂಡು, ವಿಜ್ಞಾನಿಯಾದವನು ಎಂಥ ಸಂದರ್ಭದಲ್ಲೂ ಸತ್ಯದ ಪರ ನಿಲ್ಲಬೇಕು ಎಂದು ಬಹಳ ಚೆನ್ನಾಗಿ ಹೇಳಿದರು. ಆಮೇಲೆ ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಹೋದರು.

ಉಳಿದವನು ಸುಬ್ರಮಣಿ. ಅವನು ಯಲಹಂಕದಿಂದ ತಂದ ಹಾರಗಳನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿ ಕೊನೆಯ ಸಲ ಅಳೆಯುತ್ತಿದ್ದ. ಸಂಗಮೇಶನ ಗೋಳನ್ನು ಕೇಳುತ್ತಲೇ ಒಂದು ಹಾರದಿಂದ ಒಂದು ಸೇವಂತಿಗೆ ಕಿತ್ತು ಜೇಬಿಗೆ ಹಾಕಿಕೊಂಡ. "ಸಾರ್, ಇಷ್ಟು ವರ್ಷದಿಂದ ನಾನು ಹಾರ ಅಳ್ದು ತರ್ತಿದ್ದೀನಿ. ನಿಮ್ಮ ಕೈಲಿ ಒಂದು ನಂಬರ್ ಅಳ್ದು ತರಕ್ಕಾಗಲ್ವ? ಇಬ್ರಿಗೂ ಒಂದೇ ಬರ್ಸಿ. ಈ ಕಾಲೇಜಲ್ಲಿ ಬೇರೆ ದಾರಿ ಇಲ್ಲ," ಎಂದ.

ಸಂಗಮೇಶ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂತ. ಅಲಮಾರಿಯಲ್ಲಿ ಒಂದು ಬಾಟಲಿ ಇತ್ತು. ಅದರಲ್ಲಿದ್ದದ್ದು ಅವನೇ ಕಲಸಿಟ್ಟ ಕೃತಕ ಎಂಜಲು. ನೀರು, ನಾಲ್ಕಾರು ಉಪ್ಪು, ಅಂಟು ಬರಲೆಂದು ಒಂದು ಪುಡಿ, ತುಕ್ಕಿನ ಗುರುತಾದ ವಸ್ತುವಿನದೇ ಗೊತ್ತಿರುವ ಒಂದು ಅಳತೆ. ಯಂತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಲ್ಯಾಬುಗಳಲ್ಲಿ ಹೀಗೊಂದು ದ್ರವ ಇಟ್ಟುಕೊಂಡಿರುತ್ತಾರೆ. ಎರಡು ಪಟ್ಟಿಗೂ ಇದರ ತೊಟ್ಟನ್ನೇ ಬಿಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ನಂಬರು ಕೊಡುತ್ತವೆ, ಅದೂ ಐವತ್ತರ ಒಳಗೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಆದರೂ ಅವನಿಗೆ ನಾಚಿಕೆಯಾಯಿತು. ನಾಲ್ಕು ವರ್ಷ ಒಂದೊಂದು ಪಟ್ಟಿಯನ್ನೂ ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಬಳಿದಿದ್ದ. ಜನರೆದುರು ಅದು ಮೊದಲ ಸಲ ನಿಲ್ಲುವ ದಿನವೇ ಅದರ ಬಾಯಿಗೆ ಸುಳ್ಳನ್ನು ಹಾಕಬೇಕಿತ್ತು. ಬಾಟಲಿಯನ್ನು ಒಮ್ಮೆ ಅಲಮಾರಿಗೇ ಇಟ್ಟು ಬೀಗ ಹಾಕಿದ. ಗೊಬ್ಬರದ ಅಂಗಡಿಯ ಕುರ್ಚಿ ನೆನಪಾಗಿ ಬೀಗ ತೆಗೆದ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ನಟ್ಟನಡುವೆ, ಇಬ್ಬರು ತಮ್ಮಂದಿರ ಕುರ್ಚಿಗಳಿಂದಲೂ ಸಮ ದೂರದಲ್ಲಿ, ಲಕ್ಷ್ಮಿದೇವಮ್ಮ ಕೂತಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರಿಬ್ಬರೂ ಒಂದೇ ಕ್ಷಣಕ್ಕೆ ಎರಡು ದೀಪ ಹಚ್ಚಿದರು. ಸಮನಾದ ಹಾರ ಬಿದ್ದವು. ಆಮೇಲೆ ಇಬ್ಬರೂ ಎರಡು ಪುಟ್ಟ ಬಟ್ಟಲುಗಳಿಗೆ ಉಗಿದರು. ಸಂಗಮೇಶ ಬಟ್ಟಲುಗಳನ್ನು ಹಿಂದಿನ ಮೇಜಿಗೆ ತೆಗೆದುಕೊಂಡು ಹೋದ. ಶಾಲು ಮಡಿಸುವ ನೆಪದಲ್ಲಿ ಸುಬ್ರಮಣಿ ಅಡ್ಡ ನಿಂತ. ಹೂದಾನಿಯ ಹಿಂದೆ ಬಾಟಲಿ ಇತ್ತು.

ಮೊದಲ ಪಟ್ಟಿಯನ್ನು ಸಿಕ್ಕಿಸಿದ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಂಬರು ಓಡಿ ಓಡಿ ನಲವತ್ತೆರಡಕ್ಕೆ ನಿಂತಿತು. ಮುನಿಶಾಮಪ್ಪನವರದು ಎಂದು ಘೋಷಣೆಯಾಯಿತು. ಅವರ ಕಡೆಯವರು ಚಪ್ಪಾಳೆ ತಟ್ಟಿದರು.

ಸಂಗಮೇಶ ಎರಡನೆಯ ಪಟ್ಟಿಯನ್ನು ಸಿಕ್ಕಿಸಿದ. ಒಂದು ಪಟ್ಟಿಗೂ ಇನ್ನೊಂದಕ್ಕೂ ಒಂದೆರಡು ಅಂಕಿಯ ವ್ಯತ್ಯಾಸ ಬರುವುದು ಅವನ ಸೆನ್ಸರಿನ ಹಳೆಯ ರೋಗ. ಇದೇ ಕಾರಣಕ್ಕೆ ಅವನ ಪ್ರಬಂಧ ಎರಡು ಸಲ ವಾಪಸು ಬಂದಿತ್ತು. ಒಂದೆರಡು ಅಂಕಿ ಅಂದರೆ ಇಲ್ಲಿ ಯಾರೋ ಒಬ್ಬರು ಬ್ಯಾಟರಾಯಪ್ಪನ ಮಗ ಅಲ್ಲ ಎಂದಂತೆ. ನಂಬರು ನಲವತ್ತಕ್ಕೆ ಬಂದು ತಡೆಯಿತು. ನಲವತ್ತೊಂದಾಯಿತು. ಆಮೇಲೆ ನಲವತ್ತೆರಡಾಗಿ, ಅಲ್ಲೇ ಕೂತುಬಿಟ್ಟಿತು. ಪ್ರಬಂಧದ ಪರೀಕ್ಷಕರೆದುರು ಒಮ್ಮೆಯೂ ಮಾನ ಕಾಯದ ಪಟ್ಟಿ ಇಲ್ಲಿ ಕಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾವ ಕಡೆಯವರು ತಟ್ಟಬೇಕು ಎಂದು ಯಾವ ಕಡೆಯವರಿಗೂ ಗೊತ್ತಾಗಲಿಲ್ಲ. ಆ ನಿಶ್ಶಬ್ದದಲ್ಲಿ ಲಕ್ಷ್ಮಿದೇವಮ್ಮ ಎದ್ದು, ಸೆರಗು ಸಿಕ್ಕಿಸಿಕೊಂಡು, ಯಾರೂ ಕರೆಯದಿದ್ದರೂ ವೇದಿಕೆಯ ಮೆಟ್ಟಿಲು ಹತ್ತಿ ಬಂದರು. ಪರದೆಯನ್ನೇ ನೋಡಿದರು. ಆಮೇಲೆ ಸಂಗಮೇಶನ ಕಡೆ ತಿರುಗಿದರು.

"ಅಪ್ಪಾ ಮೇಷ್ಟ್ರೇ, ಓದಿದೋರು ನೀವು, ಏಳಿ. ರಕ್ತ ಬ್ಯಾರೆ ಬ್ಯಾರೆ ಆಗಿದ್ರೆ ಇಂಗೆ ಒಂದೇ ಬರ್ತಿತ್ತಾ?"

ತುಕ್ಕಿಗೂ ರಕ್ತಸಂಬಂಧಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಮತ್ತೆ ಎರಡೂ ಒಂದೇ ಯಾಕೆ ಬಂತು ಎಂದು ಹೇಳಬೇಕಾಗುತ್ತಿತ್ತು. ಸಂಗಮೇಶ ಹೂದಾನಿಯ ಕಡೆ ನೋಡಿದ, ಸುಬ್ರಮಣಿಯ ಕಡೆ ನೋಡಿದ, ಆ ಮುದುಕಿಯ ಕಣ್ಣು ನೋಡಿದ. ಬೆಳಿಗ್ಗೆ ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು.

"ಬರೂದು ಕಷ್ಟ ರೀ ಅಮ್ಮಾ," ಎಂದ. ಅದು ಸುಳ್ಳೂ ಆಗಿರಲಿಲ್ಲ.

ಲಕ್ಷ್ಮಿದೇವಮ್ಮ ಅಲ್ಲೇ ಅಳತೊಡಗಿದರು. "ಒಂದೇ ರಕ್ತ ಕಣ್ರಪ್ಪ, ಕೋರ್ಟಿಗೆ ಕಾಣ್ದೇ ಓದದ್ದು ಆ ಡಬ್ಬಿಗೆ ಕಾಣ್ತು. ಮುನ್ಯಾ, ಕಿಟ್ಟಾ, ನಾನು ಕಣ್ಮುಚ್ಚೋಕೆ ಮುಂಚೆ ಒಂದು ಮಾತಾಡ್ರೋ," ಎಂದರು. ಮುನಿಶಾಮಪ್ಪನವರು ಕೆಮ್ಮಿದರು. ಕೃಷ್ಣಯ್ಯನವರು ಶಾಲು ಸರಿಮಾಡಿಕೊಂಡರು. ಯಾರು ಮೊದಲು ಎದ್ದರೋ ಗೊತ್ತಿಲ್ಲ, ಆ ಕಾಲೇಜಿನ ಪದ್ಧತಿಯಂತೆ ಇಬ್ಬರೂ ಒಟ್ಟಿಗೇ ಎದ್ದಿರಬೇಕು. ನಡುವೇದಿಕೆಯಲ್ಲಿ ತಬ್ಬಿಕೊಂಡರು. ಅಳತೆ ಮಾಡಿದ ಹಾರಗಳು ಸಿಕ್ಕು ಬಿದ್ದವು. ಸಭೆಯಲ್ಲಿ ಮೇಷ್ಟ್ರುಗಳೂ ಅತ್ತರು. ಸಂಗಮೇಶನಿಗೂ ಕಣ್ಣು ತುಂಬಿತು. ತನ್ನ ಸುಳ್ಳಿನಿಂದ ಇಷ್ಟೊಂದು ಒಳ್ಳೆಯದಾಗುತ್ತದೆ ಎಂದು ತಿಳಿದಿದ್ದರೆ ಅಷ್ಟು ಹೊತ್ತು ನಾಚಿಕೆಪಡುತ್ತಿರಲಿಲ್ಲ.

ಸುಬ್ರಮಣಿ ಸಮಯ ನೋಡಿ ಡ್ರಾಯರಿನ ಆರ್ಡರು ತಂದು ಚಾಚಿದ. ಕೃಷ್ಣಯ್ಯನವರು ಅಣ್ಣನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು. ಸಂಗಮೇಶ ಪರ್ಮನೆಂಟ್ ಆದ. ಹೊರಗೆ ಓಡಿಹೋಗಿ ಹೆಂಡತಿಗೆ ಫೋನು ಮಾಡಿದ. ದಾಕ್ಷಾಯಣಿ ದೇವರಿಗೆ ತುಪ್ಪದ ದೀಪ ಹಚ್ಚಿ, ಅಣ್ಣನಿಗೆ ಫೋನು ಮಾಡಿ, ಆ ಕುರ್ಚಿಯನ್ನು ಬೇರೆಯವರಿಗೆ ಕೊಡಲು ಹೇಳಿಬಿಟ್ಟಳು. ಗಲ್ಲೆಯ ಪಕ್ಕದ ಆ ಕುರ್ಚಿಯ ಭಾಗ್ಯ ಅಷ್ಟರಲ್ಲೇ ಬೇರೆ ಯಾರಿಗೋ ಸಿಕ್ಕಿತು.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಅಣ್ಣತಮ್ಮಂದಿರ ಮೊದಲ ಜಂಟಿ ಸಭೆ ಮುಗಿದಿತ್ತು. ಹೊರಗೆ ಬಂದ ಸುಬ್ರಮಣಿಯ ಮುಖದಲ್ಲಿ ರಕ್ತವಿರಲಿಲ್ಲ. ಮೊದಲ ತೀರ್ಮಾನ ಹೇಳಿದ. ಅಣ್ಣತಮ್ಮಂದಿರು ಒಂದಾದ ಮೇಲೆ ಕೇಸಿನ ಅಗತ್ಯವಿಲ್ಲ, ಸೋಮವಾರ ವಾಪಸು. ಕೇಸು ಹೋದ ಮೇಲೆ ಜಮೀನಿನ ಮೇಲಿದ್ದ ಕೋರ್ಟಿನ ತಡೆಯೂ ಹೋಯಿತು. ಜಾಗವನ್ನು ಅಪಾರ್ಟ್‌ಮೆಂಟಿಗೆ ಕೊಡುತ್ತಾರೆ. ಈ ಪರೀಕ್ಷೆ ಮುಗಿದ ಮೇಲೆ ಹುಡುಗರನ್ನು ಬೇರೆ ಕಾಲೇಜುಗಳಿಗೆ ಸೇರಿಸಿ ಬಾಗಿಲು ಹಾಕುವುದು. ಅಷ್ಟು ವರ್ಷ ಕಾಲೇಜು ನಿಂತಿದ್ದು ಕಂಬಗಳ ಮೇಲಲ್ಲ, ಜಗಳದ ಮೇಲೆ ಎಂದು ಸಂಗಮೇಶನಿಗೆ ಆಗ ಹೊಳೆಯಿತು. ಆ ಜಗಳವನ್ನು ಬಿಡಿಸಿದವನು ಅವನೇ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ನಿಜ ಹೇಳಿಬಿಡುತ್ತೇನೆ, ಅವರು ಮತ್ತೆ ಜಗಳವಾಡಲಿ, ನನ್ನೊಬ್ಬನ ಕೆಲಸ ಹೋದರೂ ಉಳಿದವರ ಕಾಲೇಜು ಉಳಿಯಲಿ ಎಂದು ನಿರ್ಧರಿಸಿದ. ಇಡೀ ದಿನದಲ್ಲಿ ಅವನು ಮಾಡಿದ ಒಂದೇ ಧೈರ್ಯದ ಯೋಚನೆ ಅದು. ಅಣ್ಣತಮ್ಮಂದಿರು ಕಾಲೇಜಿನ ಜಗಲಿಯ ಮೇಲೆ ಒಂದೇ ತಟ್ಟೆಯಿಂದ ಖಾರದ ಪುರಿ ತಿನ್ನುತ್ತ ಕೂತಿದ್ದರು. ಸಂಗಮೇಶ ಅವರ ಮುಂದೆ ಕೈಕಟ್ಟಿ ನಿಂತ.

"ಸರ, ತಪ್ಪಾತ್ರೀ. ಆ ನಲವತ್ತೆರಡು ನಿಮ್ಮದಲ್ಲ. ಇಬ್ಬರದೂ ಅಲ್ಲ. ನಾ ಹಾಕಿದ್ದು ಬಾಟ್ಲಿ ನೀರು," ಎಂದ.

ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಇಬ್ಬರೂ ಬಲಗೈಯಿಂದ ಎಡದೊಡೆ ತಟ್ಟಿಕೊಂಡು, ಒಂದೇ ದನಿಯಲ್ಲಿ, ಒಂದೇ ರೀತಿ ಗೊರಕೆ ಹೊಡೆದಂತೆ ನಕ್ಕರು. ಕೋರ್ಟಿನಲ್ಲಿ ಅಷ್ಟು ವರ್ಷ ಯಾವ ವಕೀಲನೂ ಹಾಜರುಪಡಿಸದ ಸಾಕ್ಷಿ ಅದು.

"ಗೊತ್ತು ಕಣಪ್ಪ," ಎಂದರು ಮುನಿಶಾಮಪ್ಪನವರು. "ಪಂಕ್ಸನ್ನಿಗೆ ಮುಂಚೇನೆ ಸುಬ್ರಮಣಿ ಬಂದು ಏಳ್ದ."

"ನಂಗೂ ಹೇಳ್ದ," ಎಂದರು ಕೃಷ್ಣಯ್ಯನವರು.

ಆಮೇಲೆ ವಿಷಯ ಬಿಡಿಸಿ ಹೇಳಿದರು. ಬಿಲ್ಡರು ಎರಡು ವರ್ಷದಿಂದ ಇಬ್ಬರ ಮನೆಗೂ ಅಲೆಯುತ್ತಿದ್ದ. ಇಬ್ಬರಿಗೂ ಆಸೆ ಇತ್ತು. ಆದರೆ ಯಾರು ಮೊದಲು ಯಾರ ಮನೆಯ ಮೆಟ್ಟಿಲು ತುಳಿಯಬೇಕು ಎನ್ನುವುದೇ ಬಗೆಹರಿದಿರಲಿಲ್ಲ. ತುಳಿದವನು ಸೋತಂತೆ. ಮುನಿಶಾಮಪ್ಪನವರು ಪುರಿ ಬಾಯಿಗೆ ಹಾಕಿಕೊಂಡು, "ಮಿಷನ್ ಏಳ್ತು ಅಂದ್ರೆ ಯಾರೂ ಸೋತಂಗಲ್ಲ, ನೋಡು. ಒಳ್ಳೆ ಕೆಲ್ಸ ಮಾಡ್ದೆ. ಅಕ್ಕಂಗೆ ಮಾತ್ರ ಏಳ್ಬೇಡ. ಅವ್ಳು ನಿಜ ಅಂತ ನಂಬವ್ಳೆ," ಎಂದರು.

ನನ್ನ ಆರ್ಡರು ಎಂದು ಸಂಗಮೇಶ ತೊದಲಿದ. ಅದಕ್ಕೇನೂ ತೊಂದರೆಯಿಲ್ಲ, ಕಾಲೇಜಿನ ಬಾಗಿಲು ಹಾಕುವ ದಿನದವರೆಗೂ ಅವನು ಪರ್ಮನೆಂಟೇ ಎಂದು ಕೃಷ್ಣಯ್ಯನವರು ನಯವಾಗಿ ಭರವಸೆ ಕೊಟ್ಟರು. ಹೋಗುತ್ತಿದ್ದವನನ್ನು ಮುನಿಶಾಮಪ್ಪನವರು ಮತ್ತೆ ಕರೆದರು.

"ಚಿಕ್ಕಬಾಣಾವರದಾಗೆ ನಮ್ ಬೀಗ್ರು ಅವ್ರೆ. ಅಣ್ತಮ್ಮಂದ್ರು ಮೂರು ಜನ, ಮಾತು ಬಿಟ್ಟು ಏಸೋ ವರ್ಸ ಆಯ್ತು. ಬಿಲ್ಡರು ಆ ಜಮೀನೂ ಕೇಳ್ತಾವ್ನೆ. ಭಾನ್ವಾರ ಬಂದ್ಬುಡು. ಆ ಬಾಟ್ಲಿ ತಗೊಂಡ್ ಬಾ ಸಾಕು, ಮಿಷನ್ ಇಲ್ದಿದ್ರೂ ನಡೀತದೆ."

ಎಷ್ಟು ಗಂಟೆಗೆ ಬರಬೇಕೆಂದು ಸಂಗಮೇಶ ಕೇಳಿದ.